ಮಧುರಾಂತಕದಲ್ಲಿ ಹೋದ ಮೀಸೆ

ಮೇಸ್ತ್ರಿ ಸತ್ತ ಸುದ್ದಿಯನ್ನು ಅವನ ಮಗಳು ಫೋನಿನಲ್ಲಿ ಹೇಳಿದಾಗ ನಾನು ಕೇಳಿದ್ದು ಒಂದೇ ಮಾತು: “ಮೀಸೆ ಇತ್ತಾ?”

ಹುಡುಗಿಗೆ ಅಳು ನಿಂತುಹೋಯಿತು. “ಏನತ್ತೆ?”

“ನಿಮ್ಮಪ್ಪಂಗೆ. ಹೋಗೋವಾಗ. ಮೀಸೆ ಇತ್ತಾ, ಇಲ್ವಾ?”

“ಇಲ್ಲತ್ತೆ. ಅಪ್ಪ ಮೀಸೆ ಎಲ್ಲಿ ಬಿಡ್ತಿದ್ರು?”

ಫೋನ್ ಇಟ್ಟೆ. ಒಲೆಯ ಮೇಲಿದ್ದ ಹುಳಿ ಇಳಿಸಿದೆ. ಹಟಮಾರಿ ಮುದುಕ, ಕೊನೆಗೂ ಸೋಲಲಿಲ್ಲ ಅಂದುಕೊಂಡೆ. ಅಳು ಬರಲಿಲ್ಲ. ಸಿಟ್ಟು ಬಂತು.

ನಮ್ಮ ಕನ್ನಡ ಸಂಘದವರು ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಒಂದು ತಿಂಗಳಿಂದ ಪೀಡಿಸುತ್ತಿದ್ದರು. ‘ಮರೆಯಲಾಗದವರು’ ಎಂದು ತಲೆಬರಹವನ್ನೂ ಅವರೇ ಕೊಟ್ಟಿದ್ದರು. ಬೇರೆಯವರೆಲ್ಲ ಮೇಷ್ಟ್ರು, ಡಾಕ್ಟರು, ಹಾಡು ಕಲಿಸಿದವರ ಬಗ್ಗೆ ಬರೆಯುತ್ತಾರೆ. ನಾನು ಓದಿದ್ದು ಮಾಲೂರಿನ ಹತ್ತಿರದ ಹಳ್ಳಿಯಲ್ಲಿ ಎರಡನೇ ಕ್ಲಾಸು. ಒತ್ತಕ್ಷರ ಕಂಡರೆ ಈಗಲೂ ಒಂದು ಗಳಿಗೆ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ನನಗೆ ಮರೆಯಲಾಗದವನು ಎಂದರೆ ಈ ಮನುಷ್ಯನೇ. ಮರೆಯೋಣ ಎಂದು ಎಷ್ಟು ನೋಡಿದರೂ ಆಗಿಲ್ಲ.

ಮದರಾಸಿನ ಕ್ರೋಂಪೇಟೆಯಲ್ಲಿ ನನ್ನದು ಕಾರಿನ ಸೀಟು ಹೊಲಿಯುವ ಅಂಗಡಿ. ಗಂಡ ಚರ್ಮದ ಕಾರ್ಖಾನೆಯಲ್ಲಿ ಇದ್ದ. ಅವನು ಹೋದ ಮೇಲೆ ಉಳಿದದ್ದು ಒಂದು ದಪ್ಪ ಹೊಲಿಗೆ ಮಿಷನ್ನು ಮತ್ತು ಮೂಗಿಗೆ ಅಂಟಿಕೊಂಡ ಚರ್ಮದ ವಾಸನೆ. ಅದರಲ್ಲೇ ಬದುಕಿದೆ. ಪಕ್ಕದ ಶೆಡ್ಡು ಮೇಸ್ತ್ರಿಯದು. ಅವನಿಗೆ ಹೆಸರಿತ್ತು. ಯಾರೂ ಕರೆಯುತ್ತಿರಲಿಲ್ಲ, ನಾನೂ ಬರೆಯುವುದಿಲ್ಲ.

ಅವನು ಬಂಗಾರಪೇಟೆ ಕಡೆಯವನು. ಇಪ್ಪತ್ತು ಚಿಲ್ಲರೆ ವರ್ಷ ರೈಲ್ವೆ ಯಾರ್ಡಿನಲ್ಲಿ ಗಾಡಿಗೆ ಗಾಡಿ ಕೂಡಿಸುವ ಕೆಲಸ ಮಾಡಿ, ಸಾಕು ಎಂದು ಬಿಟ್ಟು ಬಂದವನು. ಎರಡು ಬೋಗಿಗಳ ನಡುವೆ ನುಸುಳಿ ಕೊಂಡಿ ಹಾಕಿ ಸೊಂಟ ಬಗ್ಗಿತ್ತು, ಬಾಯಿ ಮಾತ್ರ ಬಗ್ಗಿರಲಿಲ್ಲ. ಆಳು ಒಣಗಿದ ನುಗ್ಗೆಕಾಯಿ. ಆ ನುಗ್ಗೆಕಾಯಿಗೆ ಒಂದು ಮೀಸೆ. ಎರಡು ತುದಿಯೂ ಹೋರಿಯ ಕೊಂಬಿನ ಹಾಗೆ ಮೇಲಕ್ಕೆ. ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಒಂದು ಸ್ಕೂಟರಿನ ಕನ್ನಡಿ ಹಿಡಿದುಕೊಂಡು ಅದಕ್ಕೆ ವ್ಯಾಸಲೀನ್ ಹಚ್ಚುತ್ತಿದ್ದ. ವ್ಯಾಸಲೀನ್ ಎಂದು ಅವನು ಹೇಳುತ್ತಿದ್ದ. ಬಿಸಿಲು ಏರಿದ ಮೇಲೆ ಹತ್ತಿರ ಬಂದರೆ ಬೇರಿಂಗಿಗೆ ಹಾಕುವ ಗ್ರೀಸಿನ ವಾಸನೆ ಬರುತ್ತಿತ್ತು.

“ನಾನು ಕೂಡ್ಸಿದ್ದು ಯಾವತ್ತೂ ಬಿಟ್ಕೊಂಡಿಲ್ಲ ಅಕ್ಕಾ,” ಎನ್ನುವುದು ಅವನ ದಿನದ ಪಲ್ಲವಿ. ನನಗಿಂತ ನಾಲ್ಕು ವರ್ಷ ದೊಡ್ಡವನು, ಆದರೂ ನಾನು ಅಕ್ಕ.

“ಹೆಂಡ್ತಿ ಬಿಟ್ಟೋದ್ಲಲ್ಲ?” ಎಂದೆ ಒಂದು ಸಲ. ಅವಳು ಮಗಳನ್ನು ಎತ್ತಿಕೊಂಡು ಜೋಲಾರ್‌ಪೇಟೆಯ ತವರಿಗೆ ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು.

ಅವನಿಗೆ ಒಂದು ಚೂರೂ ನೋವಾಗಲಿಲ್ಲ. “ಅದು ನಾನ್ ಹಾಕಿದ ಕೊಂಡಿ ಅಲ್ಲ. ನಮ್ಮಪ್ಪ ಹಾಕಿದ್ದು.”

ಗಿರಾಕಿಗಳಿಗೆ ಅವನು ಮರ್ಯಾದೆ ಕೊಡುತ್ತಿದ್ದದ್ದು ನೋಡಬೇಕಿತ್ತು. ಹೊಸ ಕಾರು ತಂದು ಏನೋ ಸದ್ದು ಬರುತ್ತದೆ ಎಂದ ಒಬ್ಬ ಆಫೀಸರನಿಗೆ, “ಕಾರಿಗೆ ಏನೂ ಆಗಿಲ್ಲ ಸಾರ್, ಓಡ್ಸೋರಿಗೆ ಆಗಿದೆ” ಎಂದ. ನಟ್ಟು ಬಿಚ್ಚಿದರೆ ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದ. ಯಾಕೆ ಎಂದರೆ, ಯಾವ ಕಳ್ಳ ಇದನ್ನು ಮುಂಚೆ ಬಿಚ್ಚಿದ್ದ ಎಂದು ಗೊತ್ತಾಗುತ್ತದಂತೆ. ನಾನು ನಂಬಲಿಲ್ಲ. ಆದರೆ ಒಂದೆರಡು ಸಲ ಅವನು ಹೇಳಿದ್ದು ಸರಿಯಾಗಿತ್ತು, ಅದೇ ಸಿಟ್ಟು.

ಹೀಗಿದ್ದಾಗ, ಸೆಲ್‌ಫೋನು ಎಲ್ಲರ ಕೈಗೂ ಬರುವುದಕ್ಕೆ ಮುಂಚೆ, ಒಂದು ಬೆಳಿಗ್ಗೆ ನಮ್ಮ ಬೀದಿಗೆ ಒಂದು ಬಸ್ಸು ಬಂತು. ಬಸ್ಸು ಎಂದರೆ ಮನೆ. ಯಾವುದೋ ಕಂಪನಿ ತನ್ನ ಆಳುಗಳನ್ನು ಸಾಗಿಸಿ ಸಾಗಿಸಿ ಮಾರಿದ ಹಳೇ ಬಸ್ಸನ್ನು ಕೊಂಡು ಒಳಗೆ ಮಂಚ, ಒಲೆ, ಕಕ್ಕಸು ಎಲ್ಲ ಕಟ್ಟಿಸಿದ್ದರು. ಕಟ್ಟಿಸಿದವರು ವೇಲಚೇರಿಯ ಒಬ್ಬ ಮಾಮಾ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಅಯ್ಯಂಗಾರರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದರೆ ಇಂಗ್ಲಿಷ್.

ಬಸ್ಸಿನೊಳಗೆ ಮಾಮಿ. ಅವರಿಗೆ ಸೊಂಟದ ಮೂಳೆ ಸವೆದು ಹತ್ತು ಹೆಜ್ಜೆಗಿಂತ ಹೆಚ್ಚು ನಡೆಯಲು ಆಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ಆಪರೇಷನ್. ಆಮೇಲೆ ಎದ್ದು ಓಡಾಡುತ್ತಾರೆ ಎನ್ನುವ ಖಾತ್ರಿ ಇಲ್ಲ ಎಂದು ಡಾಕ್ಟರು ಬಾಯಿಬಿಟ್ಟೇ ಹೇಳಿದ್ದರಂತೆ. ಅದಕ್ಕೆ ಮುಂಚೆ ನೂರೆಂಟು ಪೆರುಮಾಳ್, ಅಂದರೆ ವಿಷ್ಣುವಿನ, ಕ್ಷೇತ್ರಗಳಲ್ಲಿ ಚೋಳನಾಡಿನ ಕಡೆಯ ನಲವತ್ತನ್ನಾದರೂ ನೋಡಬೇಕು, ಹೊರಗಿನ ಒಂದು ಹನಿ ನೀರೂ ಮುಟ್ಟದೆ ನೋಡಬೇಕು ಎನ್ನುವುದು ಮಾಮಿಯ ಆಸೆ. ಅದಕ್ಕೇ ಅಡುಗೆಮನೆಯ ಬಸ್ಸು.

“ನೂರೆಂಟರಲ್ಲಿ ಎರಡು ಈ ಭೂಮಿ ಮೇಲಿಲ್ಲಮ್ಮ,” ಎಂದು ಮಾಮಿ ನನಗೆ ವಿವರಿಸಿದರು.

“ಅವೆರಡಕ್ಕೆ ಬಸ್ಸೇ ಬೇಡ ಬಿಡಿ,” ಎಂದೆ. ಮಾಮಿ ನಗಲಿಲ್ಲ.

ತೊಂದರೆ ಏನೆಂದರೆ ಆ ಬಸ್ಸು ಯಾವ ದೇವಸ್ಥಾನದ ಬೀದಿಗೂ ಹಿಡಿಸುವುದಿಲ್ಲ. ಊರ ಹೊರಗೆ ನಿಲ್ಲಿಸಬೇಕು. ಅಲ್ಲಿಂದ ಆಟೋ ಹತ್ತಲು ಮಾಮಿಗೆ ಆಗದು. ಅವರ ಸಣ್ಣ ಕಾರಿನ ಮುಂದಿನ ಸೀಟಿನಲ್ಲಿ ಮಾತ್ರ ಹೇಗೋ ಕೂರುತ್ತಾರೆ. ಕಾರಿಗೆ ಇನ್ನೊಬ್ಬ ಡ್ರೈವರನ್ನು ಇಟ್ಟುಕೊಂಡರೆ ಅವನು ಮಲಗುವುದೆಲ್ಲಿ, ಉಣ್ಣುವುದೆಲ್ಲಿ. ಮಾಮಾಗೆ ಆಗಲೇ ಕಣ್ಣಿನ ಪೊರೆ, ದೂರ ಓಡಿಸಲಾರರು, ಊರೊಳಗೆ ಮೆಲ್ಲಗೆ ಮಾತ್ರ. ಅಷ್ಟರಲ್ಲಿ ಅವರು ಲೆಂಡಿಂಗ್ ಲೈಬ್ರರಿಯ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಚಿತ್ರ ನೋಡಿದರು. ಆ ಪುಟವನ್ನು ಹರಿದೇ ತಂದಿದ್ದರು. ದೊಡ್ಡ ಮನೆ-ಬಸ್ಸು, ಅದರ ಹಿಂದೆ ನಾಲ್ಕೂ ಚಕ್ರ ನೆಲದ ಮೇಲೇ ಇಟ್ಟುಕೊಂಡು ಬರುವ ಖಾಲಿ ಕಾರು.

ಮೇಸ್ತ್ರಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. “ಇದು ನಮ್ಮ ಯಾರ್ಡಿನ ಶಂಟಿಂಗು. ಇದಕ್ಕೆಲ್ಲ ಬಿಳೀ ಜನ ಪುಸ್ತಕ ಅಚ್ಚು ಹಾಕ್ತಾರಾ?”

“ಆಗುತ್ತೋ ಇಲ್ವೋ ಹೇಳಿ ಮೇಸ್ತ್ರಿ,” ಎಂದರು ಮಾಮಾ.

“ಸಾರ್, ಎಳೆಯೋದು ಯಾವ ಕತ್ತೆನಾದ್ರೂ ಎಳೀತದೆ. ಸುಮ್ನೆ ಹಿಂದೆ ಬರೋದನ್ನ ಕಲಿಸ್ಬೇಕಲ್ಲ, ಅದು ಕಷ್ಟ. ನನ್ ಹೆಂಡ್ತಿಗೆ ನಾನೇ ಕಲಿಸೋಕಾಗ್ಲಿಲ್ಲ.”

ಎದುರು ಶೆಡ್ಡಿನಲ್ಲಿ ನೆಗ್ಗಿದ ಕಾರು ಬಡಿಯುವ ಒಬ್ಬ ಡೆಂಟರ್ ಇದ್ದ. ಮೇಸ್ತ್ರಿಗೂ ಅವನಿಗೂ ದಿನಾ ಒಂದು ಜಗಳ ಆಗದಿದ್ದರೆ ಇಬ್ಬರಿಗೂ ಊಟ ಇಳಿಯುತ್ತಿರಲಿಲ್ಲ. ಅವನು ಅಲ್ಲಿಂದಲೇ ಕೂಗಿದ: “ಇದು ತಿಂಡಿವನಂ ತಾಂಡಾದು ಮೇಸ್ತ್ರಿ!”

“ತಿಂಡಿವನಂ ದಾಟ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ಕೊಳ್ತೀನೋ!” ಎಂದು ಮೇಸ್ತ್ರಿ ಬೀದಿಗೆಲ್ಲ ಕೇಳುವಂತೆ ಹೇಳಿದ. ಕನ್ನಡದಲ್ಲೇ ಹೇಳಿದ. ಕೈ ಮೀಸೆಯ ಮೇಲಿತ್ತು, ಎಲ್ಲರಿಗೂ ಅರ್ಥವಾಯಿತು.

ಕೆಲಸ ಹದಿನೈದು ದಿನ ನಡೆಯಿತು. ಮೊದಲು ಅವನು ನೋಡಿದ್ದು ಕಾರನ್ನು ಎಳೆಯುವುದು ಮುಂದಿನ ಚಕ್ರವೋ ಹಿಂದಿನದೋ ಎಂದು. ಮುಂದಿನದು. “ಬಚಾವು. ಗೇರು ನ್ಯೂಟ್ರಲ್‌ಗೆ ಹಾಕಿದ್ರೆ ಸುಮ್ನೆ ಬರ್ತದೆ. ಹಳೇ ದೊಡ್ಡ ಕಾರಾಗಿದ್ರೆ ಹಿಂದಿನ ಶಾಫ್ಟು ಬಿಚ್ಚಿ ಇಡ್ಬೇಕಿತ್ತು, ಇಲ್ಲಾಂದ್ರೆ ಎಣ್ಣೆ ಆಡದೆ ಗೇರ್‌ಬಾಕ್ಸು ಬೆಂದು ಹೋಗ್ತದೆ.” ಆಮೇಲೆ ಮುಂದಿನ ಬಂಪರ್ ಕಿತ್ತ. ಅದು ಬರೀ ಪ್ಲಾಸ್ಟಿಕ್ಕಿನ ಮುಖ, ಅದನ್ನು ಹಿಡಿದು ಎಳೆದರೆ ಮುಖ ಮಾತ್ರ ಬರುತ್ತದೆ ಎಂದ. ಒಳಗಿನ ಚಾಸಿಗೆ ದಪ್ಪ ಕಬ್ಬಿಣದ ಪಟ್ಟಿ ಕೂರಿಸಿ ಬೋಲ್ಟ್ ಹಾಕಿದ. ಬಸ್ಸಿನ ಹಿಂದಿನಿಂದ ಆ ಪಟ್ಟಿಯವರೆಗೆ ಮೂರು ಮೂಲೆಯ ಒಂದು ಕೊಂಡಿ, ಪೈಪಿನದು. ಅದು ಬಿಟ್ಟರೂ ಇರಲಿ ಎಂದು ಕೆಳಗೆ ಎರಡು ಸರಪಳಿ, ಒಂದರ ಮೇಲೊಂದು ಅಡ್ಡ. ಬಸ್ಸಿನ ದೀಪ ಹತ್ತಿದರೆ ಕಾರಿನ ಹಿಂದಿನ ದೀಪವೂ ಹತ್ತಬೇಕು, ಅದಕ್ಕೆ ವೈರು. ಬಸ್ಸು ನಿಧಾನವಾದರೆ ಕಾರು ಮುಂದಕ್ಕೆ ನುಗ್ಗಿ ಕೊಂಡಿಯನ್ನು ಒತ್ತುತ್ತದಲ್ಲ, ಆ ಒತ್ತಿಗೇ ಬ್ರೇಕ್ ಪೆಡಲು ಕೆಳಗೆ ಹೋಗುವ ಹಾಗೆ ಒಂದು ತಂತಿ. ಆ ತಂತಿ ಕಟ್ಟಿದ ದಿನ ಅವನು ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಬಂದು, “ಅಕ್ಕಾ, ನಾನು ಇಂಜಿನಿಯರ್ ಆಗ್ಬೇಕಿತ್ತು” ಎಂದ. “ಮೊದಲು ಕೈ ತೊಳ್ಕೊ” ಎಂದೆ.

ನನ್ನ ಪಾಲಿಗೆ ಬಂದದ್ದು ಮಾಮಿಯ ಸೀಟು. ಅವರು ಬಗ್ಗದೆ ಕೂರುವಂತೆ ಎತ್ತರ ಮಾಡಿ, ಸ್ಪಂಜು ಸೇರಿಸಿ, ಜಾರದ ಬಟ್ಟೆ ಹಾಕಿ ಹೊಲಿದೆ. ಚರ್ಮ ಬೇಡವೇ ಬೇಡ ಎಂದರು. ನನ್ನ ಅಂಗಡಿಯ ವಾಸನೆ ನೋಡಿಯೇ ಎರಡು ಸಲ ಸ್ನಾನ ಮಾಡಿರಬೇಕು.

ಚರ್ಮದ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಪರೀಕ್ಷೆ. ಮೇಸ್ತ್ರಿ ನನ್ನನ್ನು ಕಾರಿನೊಳಗೆ ಕೂರಿಸಿದ. “ಏನೂ ಮುಟ್ಬೇಡ. ಸ್ಟೀರಿಂಗ್ ನೋಡ್ತಾ ಇರು.” ಬಸ್ಸು ಹೊರಟಿತು, ಕಾರೂ ಹೊರಟಿತು. ಬಸ್ಸು ತಿರುಗಿದಾಗ ನನ್ನ ಪಕ್ಕದ ಖಾಲಿ ಸೀಟಿನ ಮುಂದೆ ಸ್ಟೀರಿಂಗ್ ತಾನೇ ತಿರುಗಿತು. ಎಡಕ್ಕೆ, ಬಲಕ್ಕೆ, ಮತ್ತೆ ನೇರಕ್ಕೆ. ಯಾರೋ ಕೂತು ಓಡಿಸುತ್ತಿರುವ ಹಾಗೆ. ನಾನು ದೆವ್ವಕ್ಕೆ ಹೆದರುವವಳಲ್ಲ. ಆದರೂ ಸೆರಗು ಎಳೆದುಕೊಂಡೆ.

“ತಿರುಗ್ತಾ?” ಎಂದ ಇಳಿದ ಮೇಲೆ.

“ತಿರುಗ್ತು.”

“ಅದೇ ಪ್ರಾಣ. ಕೀ ಒಳಗಿದ್ರೆ ತಿರುಗ್ತದೆ. ಕೀ ತೆಗೆದ್ರೆ ಸ್ಟೀರಿಂಗ್ ಕಚ್ಕೊಳ್ತದೆ. ಆಮೇಲೆ ಚಕ್ರ ಉರುಳಲ್ಲ, ಉಜ್ತದೆ. ತಿಳೀತಾ?”

ತಿಳಿಯಿತು ಎಂದೆ. ಇದನ್ನು ನೆನಪಿಟ್ಟುಕೊಳ್ಳಿ. ನನಗೆ ಗೊತ್ತಿತ್ತು.

ಮರೆಯಬಾರದೆಂದು ಅವನು ಒಂದು ತಗಡಿನ ಮೇಲೆ ನಂಬರ್ ಪ್ಲೇಟಿಗೆ ಬಳಿಯುವ ಬಿಳಿ ಬಣ್ಣದಲ್ಲಿ ಏಳು ಸಾಲು ಬರೆದು ಶೆಡ್ಡಿನ ಗೋಡೆಗೆ ಹೊಡೆದ. ಕನ್ನಡದಲ್ಲಿ. ಆ ಬೀದಿಯಲ್ಲಿ ಕನ್ನಡ ಓದಬಲ್ಲವರು ಅವನೂ ನಾನೂ ಇಬ್ಬರೇ. ಎದುರಿನ ಡೆಂಟರ್ ವಿದ್ಯೆ ಕದಿಯಬಾರದಲ್ಲ. ಹೊರಡುವ ಮುಂಚೆ ನಾನು ಅದನ್ನು ಕೂಗಿ ಓದಬೇಕು, ಅವನು ಒಂದೊಂದನ್ನೂ ಮುಟ್ಟಿ ನೋಡಿ ‘ಆಯ್ತು’ ಎನ್ನಬೇಕು. ಯಾರ್ಡಿನಲ್ಲಿ ಹಾಗೇ ಮಾಡುತ್ತಿದ್ದರಂತೆ. ಪಿನ್ನು ಹಾಕು. ಪಿನ್ನಿಗೆ ಮುಳ್ಳು ಹಾಕು. ಸರಪಳಿ ಎರಡು, ಅಡ್ಡ. ದೀಪ ನೋಡು. ಗೇರು ನ್ಯೂಟ್ರಲ್. ಹ್ಯಾಂಡ್ ಬ್ರೇಕ್ ಬಿಡು. ಕೀ ಒಳಗೆ, ಒಂದೇ ತಿರುವು. ಎರಡು ತಿರುವು ತಿರುಗಿಸಿದರೆ ಬ್ಯಾಟರಿ ಖಾಲಿ ಎನ್ನುತ್ತಿದ್ದ. ‘ನ್ಯೂಟ್ರಲ್’ ಎನ್ನುವುದನ್ನು ಕೂಡಿಸಿ ಓದಲು ನನಗೆ ಮೂರು ದಿನ ಬೇಕಾಯಿತು.

ಹೊರಡುವ ದಿನ ಬೆಳಿಗ್ಗೆ ಏಳೂ ಸಾಲು ಓದಿದೆ. ಅವನು ಏಳು ಸಲ ಆಯ್ತು ಎಂದ. ಆಮೇಲೆ ಪೂಜೆ.

ಮಾಮಿಗೆ ಶಕುನದ ಹುಚ್ಚು. ಇದೇ ಯಾತ್ರೆಯನ್ನು ಬಾಡಿಗೆ ವ್ಯಾನಿನಲ್ಲಿ ಎರಡು ಸಲ ಹೊರಟು ಎರಡು ಸಲವೂ ಬಾಗಿಲಿಂದಲೇ ವಾಪಸ್ಸು ಹೋಗಿದ್ದರಂತೆ. ಒಂದು ಸಲ ಹಲ್ಲಿ ನುಡಿಯಿತು, ಇನ್ನೊಂದು ಸಲ ಎಣ್ಣೆ ಡಬ್ಬ ಉರುಳಿತು. ಅದಕ್ಕೇ ಈ ಸಲ ಪೂಜೆ ಜೋರು. ಬಸ್ಸಿಗೂ ಕಾರಿಗೂ ಹೂವಿನ ಹಾರ, ಚಕ್ರಕ್ಕೊಂದು ನಿಂಬೆಹಣ್ಣು, ಒಡೆಯಲು ಬೂದುಗುಂಬಳ. ಭಟ್ಟರು ತಟ್ಟೆ ಹಿಡಿದು, “ಎರಡು ಗಾಡಿ ಕೀನೂ ತಟ್ಟೇಲಿ ಇಡಿ” ಎಂದರು. ಹೊಸ ಗಾಡಿಗೆ ಎಲ್ಲರೂ ಮಾಡುವುದೇ ಅದು. ಕೀಗೆ ಕುಂಕುಮ ಹಚ್ಚಿ, ದೇವರ ಪಾದಕ್ಕೆ ತೋರಿಸಿ ಕೊಡುವುದು.

ಬಸ್ಸಿನ ಕೀಯನ್ನು ಡ್ರೈವರ್ ಕೊಟ್ಟ. ಮಾಮಿ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದರು. “ನೀನೇ ಕಾರಿಂದು ತೆಗೆದುಕೊಡಮ್ಮಾ” ಎಂದರು. ನಾನು ಕಾರಿನೊಳಗೆ ಕೈ ಹಾಕಿದೆ, ಕೀ ಕಿತ್ತೆ, ತಟ್ಟೆಯಲ್ಲಿ ಹಾಕಿದೆ. ಕೈ ತಾನೇ ಮಾಡಿತು. ದೇವರ ತಟ್ಟೆ ಮುಂದೆ ಬಂದರೆ ನಮ್ಮಂಥವರ ಕೈ ಕೇಳುವುದಿಲ್ಲ, ಕೊಟ್ಟುಬಿಡುತ್ತದೆ. ಮಂಗಳಾರತಿ ಆದ ಮೇಲೆ ಭಟ್ಟರು ಕೀಯನ್ನು ಮಾಮಿಗೆ ಕೊಟ್ಟರು. ಅವರು ಕಣ್ಣಿಗೆ ಒತ್ತಿಕೊಂಡು, “ಪೆರುಮಾಳ್ ಹತ್ರಾನೇ ಇರಲಿ” ಎಂದು ಸೆರಗಿನ ತುದಿಗೆ ಗಂಟು ಹಾಕಿ ಒಳಗೆ ಪಟದ ಮುಂದೆ ಹೋಗಿ ಕೂತರು.

ಆಗ ಮೇಸ್ತ್ರಿ ಎಲ್ಲಿದ್ದ? ಅದನ್ನೂ ಬರೆಯುತ್ತೇನೆ. ಮಾಮಾ ಕ್ಯಾಮೆರಾ ತಂದಿದ್ದರು. ಇವನು ಬಸ್ಸಿನ ಮುಂದೆ ನಿಂತು, ಒಂದು ಕಾಲು ಬಂಪರಿನ ಮೇಲಿಟ್ಟು, ಮೀಸೆ ತಿರುವುತ್ತಾ ಫೋಟೋ ತೆಗೆಸಿಕೊಳ್ಳುತ್ತಿದ್ದ. ಎಡದಿಂದ ಒಂದು, ಬಲದಿಂದ ಒಂದು.

ಕುಂಬಳಕಾಯಿ ಒಡೆಯಿತು. ನಿಂಬೆಹಣ್ಣು ಪಚ್ಚೆಂದವು. ಬಸ್ಸು ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿ ದೊಡ್ಡ ರಸ್ತೆಗೆ ಸೇರಿತು. ಹಿಂದೆ ಕಾರೂ ಎಡಕ್ಕೆ ತಿರುಗಿತು. ಆ ತಿರುವಿನಲ್ಲೇ ಅದರ ಸ್ಟೀರಿಂಗ್ ಕಚ್ಚಿಕೊಂಡಿರಬೇಕು. ನಾವು ಕೈ ಬೀಸುತ್ತಿದ್ದೆವು.

ಮಧ್ಯಾಹ್ನ ಎಸ್‌ಟಿಡಿ ಬೂತಿನವನು ಓಡಿಬಂದ. ಮಧುರಾಂತಕದಿಂದ ಫೋನು. ಮೇಸ್ತ್ರಿ ಹೋಗಿ ಮಾತಾಡಿ ಬಂದ. ಮುಖ ಸೀಮೆಸುಣ್ಣ. “ಕಾರು ಓರೆಯಾಗಿ ಏಡಿ ಥರ ಬರ್ತಿತ್ತಂತೆ. ಮುಂದಿನ ಎರಡು ಟೈರೂ ನೂಲು ನೂಲಾಗಿ ಹೊಗೆ. ರಸ್ತೇಲಿ ಹೋಗೋರು ಕೂಗಿ ನಿಲ್ಲಿಸಿದ್ರಂತೆ. ಸ್ಟೀರಿಂಗ್ ಅಲ್ಲಾಡ್ತಿಲ್ವಂತೆ. ಯಾಕೆ ಅಕ್ಕಾ? ಹೆಂಗೆ?”

ನನಗೆ ತಕ್ಷಣ ಗೊತ್ತಾಯಿತು. ತಟ್ಟೆ, ಕುಂಕುಮ, ನನ್ನ ಕೈ. ಅದನ್ನು ಮಾತ್ರ ಹೇಳಲಿಲ್ಲ. “ನಾನೂ ಬರ್ತೀನಿ. ಎರಡು ಟೈರಿಗೆ ನಾಲ್ಕು ಕೈ ಬೇಕಲ್ಲ” ಎಂದೆ. ಎದುರಿನ ಡೆಂಟರ್ ಎರಡು ಬೆರಳನ್ನು ಕತ್ತರಿ ಮಾಡಿ ಮೂಗಿನ ಕೆಳಗೆ ಆಡಿಸಿ ತೋರಿಸಿದ. ಮೇಸ್ತ್ರಿ ಅವತ್ತು ಒಂದೂ ಬೈಗುಳ ಬೈಯಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಚೆಂಗಲ್ಪಟ್ಟಿನವರೆಗೆ ಲೋಕಲ್ ರೈಲು, ಅಲ್ಲಿಂದ ಬಸ್ಸು. ರೈಲಿನಲ್ಲಿ ಟೈರಿನ ಮೇಲೇ ಕೂತಿದ್ದೆವು. ಅವನು ದಾರಿಯುದ್ದಕ್ಕೂ ಏಳು ಸಾಲನ್ನೂ ಬೆರಳಲ್ಲಿ ಎಣಿಸುತ್ತಿದ್ದ. ಏಳನೆಯದಕ್ಕೆ ಬಂದಾಗಲೆಲ್ಲ, “ಕೀ ನಾನೇ ನೋಡಿದ್ನಲ್ಲ. ಒಂದು ತಿರುವು. ನೋಡಿದ್ದೆ” ಎನ್ನುತ್ತಿದ್ದ. ನಾನು ಕಿಟಕಿಯ ಹೊರಗೆ ನೋಡಿದೆ.

ಮಧುರಾಂತಕದ ಕೆರೆ ಏರಿಯ ಹತ್ತಿರ, ಹುಣಸೆಮರದ ಕೆಳಗೆ ಬಸ್ಸು ನಿಂತಿತ್ತು. ಮಾಮಾ ಇಂಗ್ಲಿಷಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದರು. “ಆಗಲ್ಲ ಅಂದ್ರೆ ಆಗಲ್ಲ ಅನ್ನಬೇಕಿತ್ತು ರೀ! ಈ ಕಾಯಿಲೆಯವಳನ್ನ ಕಟ್ಟಿಕೊಂಡು ನಡುರಸ್ತೇಲಿ... ಸಾಕು. ಎಲ್ಲಾ ಬಿಚ್ಚಿ. ವಾಪಸ್ ವೇಲಚೇರಿ.”

ಮಾಮಿ ಕಿಟಕಿಯಲ್ಲಿ ಕೂತಿದ್ದರು. ಅಳುತ್ತಿರಲಿಲ್ಲ. “ನಾನೇನು ಅಪಚಾರ ಮಾಡಿದೆನೋ, ಅವನೇ ಬೇಡ ಅಂತಿದಾನೆ” ಎಂದರು ನಮ್ಮ ಯಾರಿಗೂ ಅಲ್ಲದ ಹಾಗೆ. ಇನ್ನೊಂದು ಸಲ ವಾಪಸ್ಸು ಹೋದರೆ ಅವರು ಮತ್ತೆ ಹೊರಡುವುದಿಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ಮೇಸ್ತ್ರಿ ಕಾರಿನ ಬಾಗಿಲು ತೆಗೆದು ತಲೆ ಒಳಗೆ ಹಾಕಿದ. ಕೀ ಇರಬೇಕಾದ ಜಾಗದಲ್ಲಿ ಬರೀ ತೂತು. ಆಮೇಲೆ ಎದ್ದು ಮಾಮಿಯ ಹತ್ತಿರ ಹೋಗಿ ಮೆತ್ತಗೆ, “ಅಮ್ಮಾ, ಕಾರಿನ ಕೀ?” ಎಂದ. ಅವರು ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಕುಂಕುಮ ಹಾಗೇ ಇತ್ತು. ಮೇಸ್ತ್ರಿ ಕೀ ನೋಡಿದ. ಆಮೇಲೆ ನನ್ನನ್ನು ನೋಡಿದ. ಮಾಮಿ ಕಾರಿನೊಳಗೆ ಬಗ್ಗಲಾರರು ಎಂದು ಸೀಟು ಹೊಲಿದ ನನಗೂ ಗೊತ್ತು, ಅವನಿಗೂ ಗೊತ್ತು.

ನಿಜ ಹೇಳಿದ್ದರೆ ಒಂದೇ ಮಾತಲ್ಲಿ ಅವನು ಬಚಾವು. ಕೀ ತೆಗೆದಿದ್ದಕ್ಕೆ ಹೀಗಾಯಿತು ಎಂದರೆ ಮುಗಿಯಿತು. ಆದರೆ ಅದನ್ನು ಕೇಳಿದರೆ ಮಾಮಿಗೆ ಏನಾಗುತ್ತಿತ್ತು? ಪೂಜೆಯಿಂದಲೇ ಕೆಟ್ಟಿತು, ದೇವರ ಹತ್ತಿರ ಇಟ್ಟ ಕೀಯಿಂದಲೇ ಕೆಟ್ಟಿತು. ಅದಕ್ಕಿಂತ ದೊಡ್ಡ ಅಪಶಕುನ ಬೇಕೆ?

“ಸಾರ್, ತಪ್ಪು ನಂದು,” ಎಂದ ಮೇಸ್ತ್ರಿ. ಅವನ ಬಾಯಲ್ಲಿ ಆ ಮಾತು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. “ಸ್ಟೀರಿಂಗ್ ನಾನು ಬಿಗಿ ಮಾಡ್ಬಿಟ್ಟಿದ್ದೆ. ಈ ಸ್ಪೀಡಲ್ಲಿ ಕಾರೇ ಮಗುಚ್ಬೇಕಿತ್ತು. ಕೀ ಪೆರುಮಾಳ್ ಹತ್ರ ಇದ್ದಿದ್ದಕ್ಕೇ ಟೈರಲ್ಲಿ ಹೋಯ್ತು ಅಮ್ಮಾ. ಅವನೇ ಕೈ ಅಡ್ಡ ಇಟ್ಟಿದಾನೆ.”

ಮಾಮಿ ತಲೆ ಎತ್ತಿದರು. ಮಾಮಾ ಮಾತ್ರ ನಂಬಲಿಲ್ಲ. “ಮತ್ತೆ ಹೀಗಾಗಲ್ಲ ಅಂತ ಏನ್ರೀ ಗ್ಯಾರಂಟಿ?”

ಮೇಸ್ತ್ರಿ ರಸ್ತೆ ದಾಟಿ ಹೊರಟುಹೋದ. ಓಡಿಹೋದ ಎಂದೇ ನಾನು ತಿಳಿದೆ. ಕಾಲು ಗಂಟೆ ಬಿಟ್ಟು ವಾಪಸ್ಸು ಬಂದ. ಮೀಸೆ ಇರಲಿಲ್ಲ. ರಸ್ತೆಯಾಚೆ ಮರಕ್ಕೆ ಕನ್ನಡಿ ಕಟ್ಟಿದ ಒಬ್ಬ ಕ್ಷೌರಿಕನಿದ್ದ. ಮೂಗಿನ ಕೆಳಗೆ ಬಿಸಿಲು ಕಾಣದ ಬಿಳಿ ಪಟ್ಟಿ, ಗೋಡೆಯಿಂದ ಕ್ಯಾಲೆಂಡರ್ ತೆಗೆದ ಜಾಗದ ಹಾಗೆ. ಮುಖ ಎನ್ನುವುದು ಅಲ್ಲಿ ಇರಲೇ ಇಲ್ಲ, ಅಷ್ಟು ವರ್ಷ ಮೀಸೆಯೇ ಮುಖವಾಗಿತ್ತು ಎಂದು ಆಗ ಗೊತ್ತಾಯಿತು.

“ಇದೇ ಸಾರ್ ಗ್ಯಾರಂಟಿ. ತಿಂಡಿವನಂ ದಾಟ್ಲಿಲ್ಲ, ಬೋಳಿಸ್ಕೊಂಡೆ. ಇನ್ನೊಂದು ಸಲ ಆದ್ರೆ ತಲೆ.”

ಮಾಮಿ ನಕ್ಕರು. ಸೊಂಟ ಹಿಡಿದುಕೊಂಡು, ನೋವಿಗೆ ಅಯ್ಯೋ ಅಯ್ಯೋ ಎನ್ನುತ್ತಾ ನಕ್ಕರು. “ಪಾವಂ! ಮೊಟ್ಟೆ ಒಡೆದು ಬಂದ ಗುಬ್ಬಿ ಮರಿ ಥರ ಇದೀರಲ್ಲ ಮೇಸ್ತ್ರಿ!” ಹೆಂಡತಿ ನಕ್ಕದ್ದು ನೋಡಿ ಮಾಮಾಗೆ ಸಿಟ್ಟು ಮುಂದುವರಿಸಲು ಆಗಲಿಲ್ಲ.

ಟೈರು ಬದಲಾಯಿಸಿದೆವು. ಕಾರಿನ ಸ್ಟೆಪ್ನಿಯನ್ನು ಮುಟ್ಟಬೇಡಿ, ಇನ್ನೂ ದೂರ ಇದೆ ಎಂದು ನಾವು ಹೊತ್ತು ತಂದದ್ದನ್ನೇ ಹಾಕಿದ. ಉಳಿದದ್ದು ಕೀ. ಅದು ಕಾರಿನಲ್ಲೂ ಇರಬೇಕು, ದೇವರ ಹತ್ತಿರವೂ ಇರಬೇಕು. ಮೇಸ್ತ್ರಿ ಕೈ ಮುಗಿದು ಕೇಳಿದ: “ಅಮ್ಮಾ, ಕೀ ದೇವರ ಹತ್ರ ಬರೋದು ಬೇಡ. ದೇವರೇ ಕೀ ಹತ್ರ ಬರ್ಲಿ.” ಬಸ್ಸಿನೊಳಗಿದ್ದ ಪೆರುಮಾಳ್ ಪಟವನ್ನು ತಂದು ಕಾರಿನ ಸ್ಟೀರಿಂಗಿನ ಮುಂದೆ ತಂತಿ ಕಟ್ಟಿ ಕೂರಿಸಿದ. ಕೀ ಅದರ ಪಾದದ ಕೆಳಗೇ ಬಂತು. ಒಂದು ತಿರುವು.

ನಾನು ಬಾಯಿಪಾಠದಲ್ಲಿ ಏಳೂ ಸಾಲು ಕೂಗಿದೆ. ಅವನು ಆಯ್ತು ಆಯ್ತು ಎಂದ. ಬಸ್ಸು ಹೊರಟಿತು. ಮುಂದಿನ ತಿರುವಿನಲ್ಲಿ ಖಾಲಿ ಕಾರಿನ ಸ್ಟೀರಿಂಗ್ ತಾನೇ ತಿರುಗಿತು.

“ನೋಡಿದ್ಯಾ? ಅವನೇ ಓಡಿಸ್ತಿದಾನೆ” ಎಂದು ಮಾಮಿ ಕಿಟಕಿಯಿಂದ ಕೂಗಿದ್ದು ಕೇಳಿಸಿತು.

“ಲೈಸೆನ್ಸ್ ಇಲ್ದೆ,” ಎಂದ ಮೇಸ್ತ್ರಿ ನನಗೆ ಮಾತ್ರ ಕೇಳುವ ಹಾಗೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವನು ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ. ಚೆಂಗಲ್ಪಟ್ಟು ಬಂದಾಗ ಟವೆಲ್ ತೆಗೆದ. “ಅಕ್ಕಾ. ಬಾಯಿಬಿಟ್ಟು ಒಂದ್ಸಲ ಹೇಳು. ‘ಕೀ ತೆಗೆದೋಳು ನಾನು’ ಅಂತ. ನೀನು ಹೇಳೋವರ್ಗೂ ನಾನು ಮೀಸೆ ಬಿಡಲ್ಲ.”

“ಬಿಡ್ಬೇಡ. ಈಗ್ಲೇ ಲಕ್ಷಣವಾಗಿದೀಯ,” ಎಂದೆ. “ಪೂಜೆ ಆದ್ಮೇಲೆ ಇನ್ನೊಂದ್ಸಲ ನೋಡ್ಬೇಕಾದೋನು ನೀನು. ಫೋಟೋಗೆ ಮೀಸೆ ತಿರುವ್ತಾ ನಿಂತಿದ್ಯಲ್ಲ, ಅದನ್ನ ನೀನು ಮೊದ್ಲು ಹೇಳು.”

“ಮಾಮಾ ಹತ್ರ ಹೇಳಿದ್ನಲ್ಲ, ತಪ್ಪು ನಂದು ಅಂತ.”

“ಅದು ಸುಳ್ಳು. ಸ್ಟೀರಿಂಗ್ ಬಿಗಿ ಮಾಡಿದ್ದೆ ಅಂದೆ. ನಂಗೆ ನಿಜ ಹೇಳು.”

ಹೇಳಲಿಲ್ಲ. ನಾನೂ ಹೇಳಲಿಲ್ಲ. ಎರಡು ಕೋಣ.

ಮಾಮಾ ಮಾಮಿ ಒಂದೂವರೆ ತಿಂಗಳು ಬಿಟ್ಟು ಬಂದರು. ದಾರಿಯಲ್ಲಿ ಎಲ್ಲೂ ಕಾರು ಕೊಂಡಿಯಿಂದ ಒಂದು ಇಂಚೂ ಕದಲಿರಲಿಲ್ಲ. ನಲವತ್ತೂ ಆಯಿತು, ಪ್ರತಿ ಊರಿನಲ್ಲೂ ಮೊದಲು ಒಳಗೆ ಹೋದದ್ದು ಕಾರಿನ ಪೆರುಮಾಳೇ ಎಂದು ಮಾಮಿ ಹೇಳಿಕೊಂಡರು. ಡೆಂಟರ್ ಕೇಳಿದರೆ ಮೇಸ್ತ್ರಿ, “ಮೀಸೆ ಮಧುರಾಂತಕದಲ್ಲಿ ಹರಕೆ ಒಪ್ಪಿಸಿದೆ” ಎನ್ನುತ್ತಿದ್ದ. ಆಮೇಲೆ ಹೀಗೇ ಕಾರು ಕಟ್ಟಿಸಿಕೊಳ್ಳಲು ನಾಲ್ಕಾರು ಜನ ಬಂದರು. ಪ್ರತಿ ಸಲವೂ ನಾನು ಓದಿದೆ, ಅವನು ಆಯ್ತು ಎಂದ. ಮೀಸೆ ಬರಲಿಲ್ಲ. ಎರಡು ದಿನಕ್ಕೊಮ್ಮೆ ಸ್ಕೂಟರಿನ ಕನ್ನಡಿ ಹಿಡಿದು, ನನಗೆ ಕಾಣುವ ಹಾಗೆ ನಿಂತು, ಬೋಳಿಸಿಕೊಳ್ಳುತ್ತಿದ್ದ.

ಕೊನೆಗೆ ಸೊಂಟ ಪೂರ್ತಿ ಕೈಕೊಟ್ಟಾಗ ಶೆಡ್ಡು ಮುಚ್ಚಿ ಜೋಲಾರ್‌ಪೇಟೆಗೆ ಮಗಳ ಹತ್ತಿರ ಹೋದ. ಹೆಂಡತಿ ಆಗ ಇರಲಿಲ್ಲ. ಅಲ್ಲಿಂದ ಯುಗಾದಿಗೆ ಒಂದು ಫೋನು.

“ಹೇಳ್ತೀಯಾ?”

“ನೀನು ಹೇಳ್ತೀಯಾ?”

“ಇಡು ಫೋನು.”

ಇಷ್ಟೇ ಮಾತು. ಆರು ಯುಗಾದಿ.

ಶೆಡ್ಡು ಖಾಲಿ ಮಾಡುವಾಗ ಆ ತಗಡನ್ನು ನಾನು ಕಿತ್ತುಕೊಂಡು ಬಂದಿದ್ದೆ. ನೀರಿನ ತೊಟ್ಟಿಗೆ ಮುಚ್ಚಳವಾಯಿತು. ಈ ಬರಹದಲ್ಲಿ ಏಳು ಸಾಲು ಬರೆಯಬೇಕಾಗಿ ಬಂದಾಗ, ತಪ್ಪಾಗಬಾರದೆಂದು ಹೋಗಿ ತಗಡು ತಿರುಗಿಸಿ, ಪಾಚಿ ಉಜ್ಜಿ ನೋಡಿದೆ. ಸಾಲು ಎಂಟು. ಎಂಟನೆಯದು ಮಧುರಾಂತಕದಿಂದ ಬಂದ ಮಾರನೇ ದಿನ ಅವನು ಸೇರಿಸಿದ್ದು. ಅದನ್ನೂ ನಾನು ಪ್ರತಿ ಸಲ ಕೂಗಿ ಓದುತ್ತಿದ್ದೆ, ತಾನೇ ದೊಡ್ಡ ಮನುಷ್ಯ ಎಂದು ಮೆರೆಯುತ್ತಿದ್ದಾನೆ ಎಂದುಕೊಂಡು ಓದುತ್ತಿದ್ದೆ. ಅಕ್ಷರ ಕೂಡಿಸುವುದರಲ್ಲೇ ನನ್ನ ಬುದ್ಧಿ ಖರ್ಚಾಗುತ್ತಿತ್ತು, ಯಾಕೆ ಬರೆದಿದ್ದಾನೆ ಎಂದು ಯೋಚಿಸಲು ಉಳಿಯುತ್ತಿರಲಿಲ್ಲ.

ಪೂಜೆ ಆದ ಮೇಲೆ ಮೇಸ್ತ್ರಿ ಇನ್ನೊಂದು ಸಲ ನೋಡಬೇಕು.

ಅಷ್ಟೇ ಇರುವುದು. ಅಂದರೆ ಅವನು ಮಾರನೇ ದಿನವೇ ಒಪ್ಪಿಕೊಂಡಿದ್ದ. ಬಿಳಿ ಬಣ್ಣದಲ್ಲಿ ಬರೆದು, ಗೋಡೆಗೆ ಮೊಳೆ ಹೊಡೆದು, ಅದನ್ನು ನನ್ನ ಬಾಯಿಂದಲೇ ಬೀದಿಗೆಲ್ಲ ಓದಿಸಿದ್ದ. ಬಾಯಿಬಿಟ್ಟು ಹೇಳಿದ್ದರೆ ಆ ನುಗ್ಗೆಕಾಯಿಗೆ ಏನು ಕಳೆದುಹೋಗುತ್ತಿತ್ತು?

ಅವನು ಬರೆದು ಹೇಳಿದ್ದಾನೆ. ಸರಿ, ನಾನೂ ಬರೆಯುತ್ತೇನೆ.

ಮೇಸ್ತ್ರಿ, ಕೀ ತೆಗೆದವಳು ನಾನು. ಇನ್ನು ಬಿಡು ಮೀಸೆ.